ಹರಳೆಣ್ಣೆಯ ವಾಸನೆ

ಉರಿಗಾಂನಲ್ಲಿ, ಚಿನ್ನದ ಗಣಿ ಕೆಲಸಗಾರರ ಹಳೆಯ ಲೈನ್ ಮನೆಗಳ ಸಾಲಿನಲ್ಲಿ ನಾನು ಸೂಜಿ ಚಿಕಿತ್ಸೆಯ ಕೋಣೆ ತೆರೆದ ಹೊಸತರಲ್ಲಿ, ಪಕ್ಕದ ಮನೆಯ ತಮಿಳಜ್ಜಿ ನಾನು ಒಳಗೆ ಗಾಂಜಾ ಸುಡುತ್ತೇನೆಂದು ಬೀದಿಗೆಲ್ಲ ಸಾರಿದ್ದರು. ತಪ್ಪು ಅವರದಲ್ಲ. ಮಾಚಿಪತ್ರೆಯ ಜಾತಿಯ ಸೊಪ್ಪನ್ನು ಒಣಗಿಸಿ, ಪುಡಿ ಮಾಡಿ, ಹೆಬ್ಬೆರಳು ಗಾತ್ರಕ್ಕೆ ಸುತ್ತಿದ ಕಡ್ಡಿ ಹಚ್ಚಿ ಮೈಗೆ ಶಾಖ ಕೊಡುವುದು ಚೀನೀ ವೈದ್ಯದ ಒಂದು ಪದ್ಧತಿ. ಅದರ ಹೊಗೆ ಥೇಟ್ ಗಾಂಜಾ ವಾಸನೆಯನ್ನೇ ಹೊಡೆಯುತ್ತದೆ. ಕೊರೊನಾ ಬಂದು ಹೋದ ಮೇಲಂತೂ ಚೀನಾ ಅಂದರೆ ಸಾಕು, ಜನ ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಹಾಗಾಗಿ ಬೋರ್ಡಿನ ಮೇಲೆ ‘ಸೂಜಿ ಚಿಕಿತ್ಸೆ’ ಎಂದಷ್ಟೇ ಬರೆಸಿದೆ. ಜನ ನನ್ನನ್ನು ಅನುಮಾನಿಸುವುದಕ್ಕೆ ನನ್ನ ತಕರಾರೇನೂ ಇಲ್ಲ. ನಾನೂ ಅವರನ್ನು ನಂಬುವವಳಲ್ಲ. ‘ನೀವು ಹೇಳಿದ್ದೆಲ್ಲ ಮಾಡಿದೆ ಮೇಡಂ’ ಅನ್ನುವವರನ್ನು ಕಂಡರೆ ನನಗೆ ಮೊದಲು ಬರುವುದೇ ಅನುಮಾನ.

ಬಂಗಾರಪೇಟೆಯ ಲೇಡಿ ಡಾಕ್ಟರೊಬ್ಬರು ಫೋನ್ ಮಾಡಿ ರೋಗಿಯೊಬ್ಬಳನ್ನು ಕಳಿಸುತ್ತೇನೆ ಅಂದಾಗಲೂ ಹಾಗೇ ಆಯಿತು. ಅವರು ಸೂಜಿಯವರನ್ನು ಲೆಕ್ಕಕ್ಕೇ ಇಡುವವರಲ್ಲ. ಹಳ್ಳಿಯ ಹುಡುಗಿ, ಮದುವೆಯಾಗಿ ಒಂದೆರಡು ವರ್ಷ ಆಗಿದೆ, ಅಂಡಾಶಯದಲ್ಲಿ ನೀರುಗುಳ್ಳೆ, ಸದ್ಯಕ್ಕೆ ಆಪರೇಷನ್ ಮಾಡದೆ ಇನ್ನೆರಡು ಮುಟ್ಟು ಕಾದು ನೋಡಿ ಮತ್ತೆ ಸ್ಕ್ಯಾನ್ ಮಾಡಬೇಕೆಂದಿದ್ದಾರೆ, ನೋವಿನ ಮಾತ್ರೆ ನುಂಗಿದರೆ ಅವಳಿಗೆ ಹೊಟ್ಟೆಯೆಲ್ಲ ಉರಿ, ಇದು ಅವರು ಹೇಳಿದ್ದರ ಸಾರಾಂಶ. ನೋವಿಗೆ ಏನಾದರೂ ಮಾಡಲಾಗುತ್ತದಾ ನೋಡಿ, ಗುಳ್ಳೆ ಕರಗಿಸುತ್ತೇನೆ ಅಂತ ಮಾತ್ರ ಆಸೆ ಹುಟ್ಟಿಸಬೇಡಿ ಅಂದರು. ನಾನು ಯಾರಿಗೂ ಹಾಗೆ ಹೇಳಿಲ್ಲ ಅಂದೆ. ಸೂಜಿಯಿಂದ ಗುಳ್ಳೆ ಕರಗಿದ್ದನ್ನು ನಾನು ಕಂಡಿಲ್ಲ. ನೀರುಗುಳ್ಳೆಗಳು ಎಷ್ಟೋ ಸಲ ತಾವಾಗಿಯೇ ಇಂಗಿ ಹೋಗುತ್ತವೆ, ಹೆಸರು ಮಾತ್ರ ಆ ಹೊತ್ತಿಗೆ ಔಷಧಿ ಕೊಟ್ಟವರಿಗೆ ಬರುತ್ತದೆ. ನೋವು ತಗ್ಗುತ್ತದೆ, ನಿದ್ದೆ ಬರುತ್ತದೆ, ಅದನ್ನು ಕಂಡಿದ್ದೇನೆ. ಚೀನೀ ಕಷಾಯದ ಪೊಟ್ಟಣಗಳನ್ನು ನಾನು ಇಟ್ಟುಕೊಂಡೇ ಇಲ್ಲ. ಒಳಗೆ ಏನು ಬೆರೆಸಿದ್ದಾರೋ ನನಗೇ ಗೊತ್ತಿಲ್ಲದ್ದನ್ನು ಇನ್ನೊಬ್ಬರ ಹೊಟ್ಟೆಗೆ ಹಾಕುವ ಧೈರ್ಯ ನನಗಿಲ್ಲ. ಫೋನ್ ಇಡುವ ಮುಂಚೆ ಡಾಕ್ಟರ್ ಒಂದು ಮಾತು ಒತ್ತಿ ಹೇಳಿದರು. ಗುಳ್ಳೆಯ ಭಾರಕ್ಕೆ ಅಂಡಾಶಯ ತಿರುಚಿಕೊಳ್ಳಬಹುದು. ಇದ್ದಕ್ಕಿದ್ದಂತೆ ಜೋರು ನೋವು, ವಾಂತಿ ಬಂದರೆ ಒಂದು ಗಳಿಗೆಯೂ ತಡ ಮಾಡದೆ ನನ್ನ ಹತ್ತಿರ ಕಳಿಸಿ.

ಸೊಸೆಯನ್ನು ಕರೆದುಕೊಂಡು ಬಂದಿದ್ದು ಅತ್ತೆ. ಬಂಗಾರಪೇಟೆಯ ಆಚೆಗೆ ಅವರ ಊರು. ಮಗ ನರಸಾಪುರದ ಕಡೆ ಫ್ಯಾಕ್ಟರಿಗೆ ಶಿಫ್ಟಿನಲ್ಲಿ ಹೋಗುತ್ತಾನೆ; ಮನೆ, ಸೀಮೆ ಹಸುಗಳು, ಡೈರಿಗೆ ಹಾಲು ಹಾಕುವುದು ಎಲ್ಲ ಅತ್ತೆಯ ಕೈಯಲ್ಲಿ. ಬೆಳಗಿನ ಹಾಲು ಹಾಕಿ ಮುಗಿಸಿ, ಬಂಗಾರಪೇಟೆಗೆ ಬಂದು, ಮಾರಿಕುಪ್ಪಂ ಟ್ರೈನ್ ಹತ್ತಿ ಇಬ್ಬರೂ ಉರಿಗಾಂನಲ್ಲಿ ಇಳಿಯುತ್ತಿದ್ದರು. ಅತ್ತೆಯ ಅಂಗೈ ಅಗಲ, ಬೆರಳಿನ ಗಿಣ್ಣುಗಳು ದಪ್ಪ. ನಾನು ಸೊಸೆಯನ್ನು ಏನು ಕೇಳಿದರೂ ಉತ್ತರ ಅತ್ತೆಯಿಂದ ಬರುತ್ತಿತ್ತು. ಮುಟ್ಟು ಯಾವಾಗ ಆದದ್ದು, ನಿದ್ದೆ ಹೇಗೆ, ಕೈಕಾಲು ತಣ್ಣಗಿರುತ್ತದಾ ಬಿಸಿಯಿರುತ್ತದಾ, ಎಲ್ಲಕ್ಕೂ. ನಾಲಿಗೆ ಚಾಚು ಅಂದಾಗ ಮಾತ್ರ ಆಯಮ್ಮ ಸುಮ್ಮನಾದರು, ಅದೂ ನಾನು ಏನು ನೋಡುತ್ತೇನೆ ಅಂತ ಬಗ್ಗಿ ನೋಡುವುದಕ್ಕೆ. ಎರಡೂ ಮಣಿಕಟ್ಟಿನ ಮೇಲೆ ಮೂರು ಮೂರು ಬೆರಳಿಟ್ಟು ನಾಡಿ ನೋಡಿದೆ. ಹುಡುಗಿಯ ನಾಡಿ ತಂತಿಯ ಹಾಗೆ ಬಿಗಿಯಾಗಿತ್ತು. ನೋವಿದ್ದವರದ್ದು ಹಾಗಿರುತ್ತದೆ, ಹೆದರಿದವರದ್ದೂ ಹಾಗೇ ಇರುತ್ತದೆ.

ಸೀರೆ ಸಡಿಲಿಸಿ ಮಲಗಿದಾಗ ಹೊಕ್ಕುಳಿನ ಕೆಳಗೆ ನೆಟ್ಟಗೆ ಇಳಿದ ಒಂದು ಹಳೆಯ ಗಾಯದ ಗೆರೆ ಕಂಡಿತು. ಅಪೆಂಡಿಕ್ಸ್ ಆಪರೇಷನ್ ಅಂತ ಅತ್ತೆಯೇ ಹೇಳಿದರು. ಅಪೆಂಡಿಕ್ಸಿನ ಗಾಯ ಸಾಮಾನ್ಯವಾಗಿ ಬಲಗಡೆ ಓರೆಯಾಗಿರುತ್ತದೆ. ಇದು ನಟ್ಟನಡುವೆ ಇತ್ತು. ನಾನು, ಶಾಖದ ಕಡ್ಡಿಯ ಹೊಗೆ ನಿಮಗೆ ಕೆಮ್ಮು ಬರಿಸುತ್ತದೆ, ಆಚೆ ಕೂತುಕೊಳ್ಳಿ ಅಂತ ಆಯಮ್ಮನನ್ನು ಜಗಲಿಗೆ ಕಳಿಸಿದೆ. ಬಾಗಿಲು ಹಾಕಿದ ಮೇಲೆ ಹುಡುಗಿಯೇ ಬಾಯಿ ಬಿಟ್ಟಳು. ಪಿಯುಸಿಯಲ್ಲಿದ್ದಾಗ ಎಡಗಡೆಯ ಅಂಡಾಶಯ ತಿರುಚಿಕೊಂಡು ಕಪ್ಪಾಗಿ, ತೆಗೆದುಹಾಕಿದ್ದರಂತೆ. ಗಂಡನಿಗೆ ಹೇಳಿದ್ದಾಳೆ. ನಮ್ಮಮ್ಮನಿಗೆ ಹೇಳುವುದು ಬೇಡ, ಅವಳು ಎದೆ ಒಡೆದುಕೊಳ್ಳುತ್ತಾಳೆ ಅಂತ ಅವನೇ ಅಂದನಂತೆ. ಈಗ ಗುಳ್ಳೆ ಬಂದಿರುವುದು ಉಳಿದಿರುವ ಬಲಗಡೆಯದರಲ್ಲಿ. ಡಾಕ್ಟರ್ ಯಾಕೆ ಕತ್ತರಿ ಹಿಡಿಯುವುದಕ್ಕೆ ಹಿಂದೆಮುಂದೆ ನೋಡುತ್ತಿದ್ದಾರೆಂದು ನನಗೆ ಆಗ ಅರ್ಥವಾಯಿತು.

‘ಅಕ್ಕಾ, ಇದೂ ಹೋದ್ರೆ ನಂಗೆ ಮಕ್ಳಾಗಲ್ಲ,’ ಅಂದಳು. ‘ಅತ್ತೆಗೆ ಮಾತ್ರ ಗೊತ್ತಾಗ್ಬಾರ್ದು.’

ನಾನು ಮಾಡಿದ್ದು ಇಷ್ಟು. ಪಾದದ ಕೀಲಿನ ಒಳಬದಿಗೆ ನಾಲ್ಕು ಬೆರಳು ಮೇಲೆ ಒಂದೊಂದು ಸೂಜಿ, ಮಂಡಿಯ ಕೆಳಗೆ ಒಂದೊಂದು, ಹೆಬ್ಬೆರಳು ತೋರುಬೆರಳಿನ ನಡುವೆ ಒಂದೊಂದು. ಹೊಕ್ಕುಳಿನ ಕೆಳಗೆ ನಡುಗೆರೆಯಲ್ಲಿ, ಗಾಯದ ಗುರುತು ತಪ್ಪಿಸಿ, ಒಂದೇ ಒಂದು, ಅದೂ ಚರ್ಮದ ಕೆಳಗೆ ಮಲಗುವಷ್ಟು ಮೇಲುಮೇಲೆ. ಬಲಗಡೆಗೆ ಕೈಯನ್ನೇ ಇಡಲಿಲ್ಲ. ಸೂಜಿಗಳಿದ್ದಷ್ಟು ಹೊತ್ತು ಶಾಖದ ಕಡ್ಡಿಯನ್ನು ಸೊಂಟದ ಮಟ್ಟಕ್ಕೆ, ಚರ್ಮಕ್ಕೆ ತಾಗದಂತೆ ಹಿಡಿದಿದ್ದೆ. ಸೂಜಿ ಕಿತ್ತ ಮೇಲೆ ಅವಳ ಕಣ್ಣೆದುರೇ ಬಿಸಾಡುವ ಡಬ್ಬಕ್ಕೆ ಹಾಕಿದೆ; ಒಬ್ಬರಿಗೆ ಹಾಕಿದ್ದು ಇನ್ನೊಬ್ಬರಿಗಿಲ್ಲ. ಎಣ್ಣೆ ಹಚ್ಚಬಾರದು, ಹೊಟ್ಟೆ ಉಜ್ಜಬಾರದು, ಭಾರ ಎತ್ತಬಾರದು ಅಂತ ಇಬ್ಬರಿಗೂ ಹೇಳಿ, ಜೋರು ನೋವು ಬಂದರೆ ಏನು ಮಾಡಬೇಕೆಂಬುದನ್ನೂ ಹೇಳಿದೆ. ಅತ್ತೆ ಹೂಂ ಹೂಂ ಅಂದರು.

ಕೆಲವು ವಾರ ಕಳೆಯುವಷ್ಟರಲ್ಲಿ ನೋವು ಚೆನ್ನಾಗಿಯೇ ತಗ್ಗಿತು. ನೋವು ತಗ್ಗಿದ್ದಕ್ಕೆ ನನಗೆ ಖುಷಿಯಾಗಲಿಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಅತ್ತೆ ಡೈರಿ ಹತ್ತಿರ, ಟ್ರೈನಿನಲ್ಲಿ ಸಿಕ್ಕವರಿಗೆಲ್ಲ ಉರಿಗಾಂ ಮೇಡಂ ಗುಳ್ಳೆ ಕರಗಿಸ್ತಾರೆ ಅಂತ ಹೇಳಿಕೊಂಡು ತಿರುಗುತ್ತಿದ್ದಾರೆಂದು ಗೊತ್ತಾದಾಗ ಕಸಿವಿಸಿಯಾಯಿತು. ಬೋರ್ಡ್ ನೋಡಿದರೆ ಮುಖ ತಿರುಗಿಸುತ್ತಿದ್ದವರೂ ಹೊಟ್ಟೆ ಹಿಡಿದುಕೊಂಡು ಬರತೊಡಗಿದರು. ನೋವು ಕಮ್ಮಿಯಾದರೆ ಗುಳ್ಳೆ ಕಮ್ಮಿಯಾಯಿತು ಅಂತಲ್ಲ ಅಂದರೆ, ಇದು ಮೇಡಂ ಅವರ ವಿನಯ ಅಂದುಕೊಂಡರು. ಇಷ್ಟು ಬೇಗ, ಇಷ್ಟು ಸಲೀಸಾಗಿ ಸಿಕ್ಕ ಹೆಸರಿನ ಮೇಲೆ ನನಗೆ ಒಂಚೂರೂ ನಂಬಿಕೆಯಿರಲಿಲ್ಲ.

ಆಮೇಲೆ ಒಂದು ದಿನ, ಸೂಜಿ ಹಾಕುವ ಮುಂಚೆ ಹೊಕ್ಕುಳಿನ ಕೆಳಗೆ ಸ್ಪಿರಿಟ್ ಹತ್ತಿಯಿಂದ ಒರೆಸಿದೆ. ಹತ್ತಿ ಹಳದಿಯಾಗಿ, ಜಿಡ್ಡಾಗಿ ಬಂತು. ಮೂಸಿ ನೋಡಿದೆ. ಹರಳೆಣ್ಣೆ. ಬೆಳಕಿಗೆ ಸರಿಯಾಗಿ ಬಗ್ಗಿ ನೋಡಿದರೆ ಬಲಗಡೆ ಕಿಬ್ಬೊಟ್ಟೆಯ ಮೇಲೆ ಬೆರಳಿನ ಅಗಲಕ್ಕೆ ನಸುಗಪ್ಪು ಕಂದಿತ್ತು. ಯಾರು ಒತ್ತಿದ್ದು ಅಂತ ಕೇಳಿದೆ. ಹುಡುಗಿ ಗೋಡೆ ಕಡೆ ತಿರುಗಿಕೊಂಡಳು. ಗಂಡನೇ ಇರಬೇಕೆಂದು ನನ್ನ ತಲೆಗೆ ಬಂತು. ಅವನನ್ನು ನಾನು ಒಂದು ಸಲವೂ ಕಂಡಿರಲಿಲ್ಲ, ಅದಕ್ಕೇ ಅನುಮಾನ ಇನ್ನೂ ಸುಲಭವಾಯಿತು. ಮತ್ತೆ ಮತ್ತೆ ಕೇಳಿದ್ದಕ್ಕೆ ಅವಳು ಕಣ್ಣಲ್ಲೇ ಜಗಲಿ ಕಡೆ ತೋರಿಸಿದಳು.

ನಾನು ಬಾಗಿಲು ತೆಗೆದು ಅತ್ತೆಯನ್ನು ಒಳಗೆ ಕರೆದು ನೇರವಾಗಿಯೇ ಕೇಳಿದೆ. ಆಯಮ್ಮ ಮುಚ್ಚಿಡಲಿಲ್ಲ. ಮುಚ್ಚಿಡುವಂಥದ್ದು ಅದರಲ್ಲೇನಿದೆ ಅನ್ನುವ ಹಾಗೆ ಕೂತು ವಿವರಿಸಿದರು. ಅವರ ಮನೆಯ ಕರಿ ಸೀಮೆ ಹಸು ಎಷ್ಟು ಸಲ ಇಂಜೆಕ್ಷನ್ ಹಾಕಿಸಿದರೂ ಗಬ್ಬ ನಿಂತಿರಲಿಲ್ಲವಂತೆ. ಯಾರೋ ಹಳೆಯ ಕಾಲದ ದನದ ಡಾಕ್ಟರು ಬಂದು, ಹಿಂದಿನಿಂದ ಮೊಣಕೈವರೆಗೂ ಕೈ ಹಾಕಿ, ಒಳಗೆ ನೀರುಗುಳ್ಳೆ ಇದೆಯೆಂದು ಬೆರಳಲ್ಲೇ ಹಿಸುಕಿ ಒಡೆದರಂತೆ.

‘ಅದಾದ್ ಮ್ಯಾಕೆ ಬೆದೆಗ್ ಬಂತು ಮೇಡಮ್ನೋರೆ, ಗಬ್ಬಾನೂ ನಿಂತ್ಕೊಂತು. ಈಗ ಅದ್ರ ಕರ ನೋಡ್ಬೇಕು ನೀವು,’ ಅಂದರು. ‘ಅಸೂಗ್ ಇರೋದೂ ಅದೇ ಗುಳ್ಳೆ, ಇವ್ಳಿಗ್ ಇರೋದೂ ಅದೇ ಗುಳ್ಳೆ. ನೀವು ಸೂಜಿ ಆಕಿ ನೋವು ತೆಗೀತೀರಿ, ನಾನು ಸಾಯಂಕಾಲ ಎಣ್ಣೆ ಆಕಿ ಒತ್ತುತೀನಿ. ನೋವಿಲ್ದಿದ್ರೆ ತಾನೆ ಒತ್ತಿಸ್ಕೊಳ್ಳಾದು?’

ಸೂಜಿ ಹಾಕಿ ನಾನು ಆ ಹುಡುಗಿಯ ನೋವನ್ನು ಕಮ್ಮಿ ಮಾಡುತ್ತಿದ್ದೆ. ಕಮ್ಮಿಯಾದ ನೋವನ್ನು ನಂಬಿ ಅತ್ತೆ ಇನ್ನೂ ಬಲವಾಗಿ ಒತ್ತುತ್ತಿದ್ದರು. ಇಬ್ಬರೂ ಸೇರಿ ಒಂದೇ ಕೆಲಸ ಮಾಡುತ್ತಿದ್ದೆವು ಅನ್ನುವ ಹಾಗಿತ್ತು. ಹಸುವಿಗೂ ಈಗ ಹಾಗೆ ಒಡೆಯುವುದಿಲ್ಲ, ಒಡೆದರೆ ಒಳಗೆ ರಕ್ತ ಹರಿಯಬಹುದು, ಒತ್ತಿದರೆ ತಿರುಚಿಕೊಳ್ಳಬಹುದು ಅಂತ ಗಂಟಲು ಏರಿಸಿ ಹೇಳಿದೆ. ಉಳಿದಿರುವುದು ಒಂದೇ ಅನ್ನುವ ಮಾತು ನಾಲಿಗೆಯ ತುದಿವರೆಗೂ ಬಂದಿತ್ತು. ಹುಡುಗಿ ಮಂಚದ ಮೇಲಿಂದ ನನ್ನನ್ನೇ ನೋಡುತ್ತಿದ್ದಳು. ಆ ಮಾತು ನುಂಗಿಕೊಂಡೆ. ಆ ಒಂದು ಮಾತಿಲ್ಲದೆ ನಾನು ಹೇಳಿದ್ದೆಲ್ಲ ಪೇಟೆಯವರ ಅತಿ ನಾಜೂಕು ಅನ್ನಿಸುವಂತಿತ್ತು, ಅದು ನನಗೂ ಗೊತ್ತಾಗುತ್ತಿತ್ತು. ಅತ್ತೆ ಎಂದಿನಂತೆ ಹೂಂ ಅಂದರು.

ಮುಂದಿನ ಸಲ ಹತ್ತಿ ಬೆಳ್ಳಗೇ ಬಂತು. ಇನ್ನೊಬ್ಬರಾಗಿದ್ದರೆ ಸಮಾಧಾನಪಡುತ್ತಿದ್ದರು. ನಾನು ಮೂಸಿದೆ. ಬಟ್ಟೆ ಸೋಪಿನ ವಾಸನೆ. ಮೈಸೋಪಲ್ಲ, ಬಟ್ಟೆ ಒಗೆಯುವ ಸೋಪು. ಜಿಡ್ಡು ಹೋಗಲೆಂದು ಆ ಚರ್ಮವನ್ನು ತಿಕ್ಕಿ ತೊಳೆದು ಕರೆತಂದಿದ್ದರು. ಕಂದಿದ ಕಡೆ ಕೆಂಪಗಾಗಿತ್ತು. ಆಯಮ್ಮನ ಮೇಲೆ ನನಗೆ ಎಂಥ ಸಿಟ್ಟು ಬಂತೆಂದರೆ, ಮೊಮ್ಮಗು ಬೇಕೆಂಬ ಹಟಕ್ಕೆ ಸೊಸೆಯ ಹೊಟ್ಟೆಯನ್ನು ಹಸುವಿನ ಹೊಟ್ಟೆ ಮಾಡಿದ್ದಾಳಲ್ಲ ಈ ಹೆಂಗಸು ಅಂದುಕೊಂಡೆ. ಅವತ್ತು ಸೂಜಿ ಹಾಕಲಿಲ್ಲ. ಸ್ಕ್ಯಾನ್ ಆಗಿ ಡಾಕ್ಟರ್ ಸರಿ ಅನ್ನುವವರೆಗೂ ಹಾಕುವುದಿಲ್ಲ ಅಂದು, ಅಲ್ಲೇ ಡಾಕ್ಟರಿಗೆ ಫೋನ್ ಮಾಡಿ ಸ್ಕ್ಯಾನನ್ನು ಮುಂದಿನ ಸೋಮವಾರಕ್ಕೇ ಗೊತ್ತುಮಾಡಿಸಿದೆ. ಒತ್ತುತ್ತಿರುವ ವಿಷಯವನ್ನೂ ಹೇಳಿದೆ. ಡಾಕ್ಟರು ಆಯಮ್ಮನನ್ನೇ ಫೋನಿಗೆ ಕರೆದು ಸರಿಯಾಗಿ ಬೈದರು. ಆಯಮ್ಮ ಡಾಕ್ಟರಿಗೂ ಹೂಂ ಅಂದರು.

ಸೋಮವಾರ ಬರುವ ಮುಂಚೆಯೇ ಅವರು ಬಂದರು. ಬೆಳಗಿನ ಟ್ರೈನ್ ಹೋಗಿ ಸ್ವಲ್ಪ ಹೊತ್ತಾಗಿತ್ತು. ಅತ್ತೆ ಸೊಸೆಯನ್ನು ಸೊಂಟಕ್ಕೆ ಆನಿಸಿಕೊಂಡು ಹೆಚ್ಚುಕಮ್ಮಿ ಹೊತ್ತುಕೊಂಡೇ ಮೆಟ್ಟಿಲು ಹತ್ತಿದರು. ಹುಡುಗಿ ಬಲಗಾಲನ್ನು ಮಡಚಿ ಹಿಡಿದಿದ್ದಳು, ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು, ಸೆರಗಿನ ತುಂಬ ವಾಂತಿ. ಹಾಲು ಕರೆಯುವ ಹೊತ್ತಿಗೆ ನೋವು ಎದ್ದಿದೆ. ಬಂಗಾರಪೇಟೆಗೆ ಬಂದಿದ್ದಾರೆ. ಡಾಕ್ಟರ ನರ್ಸಿಂಗ್ ಹೋಮ್ ಸ್ಟೇಷನ್ನಿನಿಂದ ಕೂಗಳತೆಯಲ್ಲಿದೆ. ಅದರ ಮುಂದೆಯೇ ಹಾದು, ಟ್ರೈನ್ ಹತ್ತಿ, ಅವಳನ್ನು ಸೀಟಿನ ಮೇಲೆ ಮಲಗಿಸಿಕೊಂಡು ನನ್ನ ಹತ್ತಿರ ಬಂದಿದ್ದಾರೆ. ಯಾಕೆಂದರೆ ನನ್ನ ಸೂಜಿಗೆ ನೋವು ಹೋಗುತ್ತದೆ. ಆ ಕ್ಷಣಕ್ಕೆ ನನ್ನ ಹೆಸರಿನ ಮೇಲೆ ನನಗೇ ಹೇಸಿಗೆಯಾಯಿತು.

‘ಮೊದ್ಲು ಒಂದ್ ಸೂಜಿ ಆಕ್ಬುಡಿ ಮೇಡಮ್ನೋರೆ, ಆಮೇಕೆ ನೀವ್ ಬಯ್ಯಾದ್ ಬಯ್ರಿ,’ ಅಂದರು ಅತ್ತೆ.

ನನ್ನ ಕೈ ಸೂಜಿ ಡಬ್ಬದ ಕಡೆ ಹೋದದ್ದು ನಿಜ. ಕಾಲಿನ ಒಳಬದಿಗೆ ಹಾಕಿದರೆ ನೋವು ಸ್ವಲ್ಪ ಇಳಿಯಬಹುದಿತ್ತು, ಅವಳು ನರಳುವುದು ನಿಲ್ಲಬಹುದಿತ್ತು. ಆದರೆ ಈ ನೋವು ಒಳಗಿನಿಂದ ಯಾರೋ ಬಾಗಿಲು ಬಡಿಯುತ್ತಿರುವುದು, ಅದನ್ನು ಸುಮ್ಮನಾಗಿಸಿದರೆ ಇವರು ಸಮಾಧಾನವಾಗಿ ಮುಂದಿನ ಟ್ರೈನಿಗೆ ಮನೆಗೆ ಹೋಗಿಬಿಡುತ್ತಾರೆ. ಮುಂದೇನಾಗುತ್ತದೆ ಎಂಬುದನ್ನು ಆ ಹುಡುಗಿಯ ಹೊಟ್ಟೆಯ ಎಡಭಾಗ ಆಗಲೇ ಒಂದು ಸಲ ಕಂಡಿದೆ. ಡಬ್ಬ ಮುಚ್ಚಿ ಬೀರುವಿನೊಳಗಿಟ್ಟು, ಹಾಕುವುದಿಲ್ಲ ಅಂದೆ.

ಅತ್ತೆ ಕೆರಳಿದರು. ಚೆನ್ನಾಗಿದ್ದಾಗ ಹಾಕೋರು ಸಾಯೋವಾಗ ಹಾಕಲ್ಲ ಅಂದರೆ ನೀವೆಂಥ ಹೆಂಗಸು ಅಂದರು. ಅದಕ್ಕಿಂತ ಕಷ್ಟವಾದದ್ದು ಹುಡುಗಿ ನನ್ನ ಮಣಿಕಟ್ಟು ಹಿಡಿದುಕೊಂಡದ್ದು. ‘ಅಕ್ಕಾ, ಒಂದೇ ಒಂದು,’ ಅಂದಳು. ನಾನು ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ. ಬೇರೆ ಯಾವ ರೋಗಿಗೂ ನಾನು ಹಾಗೆ ಮಾಡಿದ್ದಿಲ್ಲ.

ಪಕ್ಕದ ತಮಿಳಜ್ಜಿ ಗಲಾಟೆ ಕೇಳಿ ಈಚೆ ಬಂದವರು ಪರಿಸ್ಥಿತಿ ನೋಡಿ ತಾವೇ ರಸ್ತೆಗೆ ಓಡಿ ಆಟೋ ನಿಲ್ಲಿಸಿದರು. ಅತ್ತೆ ಸೊಸೆಯ ಜೊತೆ ನಾನೂ ಹತ್ತಿ, ಹೋಗುತ್ತಾ ಡಾಕ್ಟರಿಗೆ ಫೋನ್ ಮಾಡಿದೆ. ಅವರ ಮೊದಲ ಮಾತೇ, ಏನು ಕೊಟ್ಟಿದ್ದೀರಿ ಅವಳಿಗೆ, ಕಷಾಯ ಏನಾದರೂ ಕುಡಿಸಿದ್ದೀರಾ. ನನಗೆ ಬೇಜಾರಾಗಲಿಲ್ಲ, ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಕೇಳುತ್ತಿದ್ದೆ. ಏನೂ ಕೊಟ್ಟಿಲ್ಲ, ಇವತ್ತು ಸೂಜಿಯನ್ನೂ ಹಾಕಿಲ್ಲ, ನೋವು ಇದ್ದ ಹಾಗೇ ತರುತ್ತಿದ್ದೇನೆ ಅಂದೆ. ಸರ್ಜನ್‌ರನ್ನು ಕರೆಸುತ್ತೇನೆ, ಬಾಯಿಗೆ ಒಂದು ಹನಿಯೂ ಬೀಳಬಾರದು ಅಂದರು. ಮುಂದಿನ ಕೋರಮಂಡಲ್ ಸ್ಟೇಷನ್ ದಾಟುವಾಗ ಅತ್ತೆ ಬಾಟಲಿ ತೆಗೆದು ಸೊಸೆಗೆ ನೀರು ಕುಡಿಸಲು ಹೋದರು. ನಾನು ಬಾಟಲಿ ಕಿತ್ತುಕೊಂಡೆ. ಅಲ್ಲಿಂದ ಬಂಗಾರಪೇಟೆಯವರೆಗೂ ಆಯಮ್ಮ ನನ್ನ ಕಡೆ ನೋಡಲಿಲ್ಲ. ಸೊಸೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ರಸ್ತೆಯ ಗುಂಡಿ ಬಂದಾಗಲೆಲ್ಲ ಎರಡೂ ಕೈಯಿಂದ ಅವಳನ್ನು ಎತ್ತಿ ಹಿಡಿಯುತ್ತಿದ್ದರು.

ಸ್ಕ್ಯಾನ್ ನೋಡಿದ ಕೂಡಲೇ ಡಾಕ್ಟರ್ ಆಪರೇಷನ್ ಥಿಯೇಟರಿಗೆ ತೆಗೆದುಕೊಂಡರು. ಮಗನಿಗೆ ಫೋನ್ ಹೋಗಿತ್ತು, ಅವನು ಇನ್ನೂ ದಾರಿಯಲ್ಲಿದ್ದ. ಬೆಂಚಿನ ಮೇಲೆ ನಾನು ಒಂದು ತುದಿ, ಅತ್ತೆ ಒಂದು ತುದಿ. ಇಬ್ಬರ ನಡುವೆ ಹುಡುಗಿಯ ಚಪ್ಪಲಿ, ಬಳೆ ಕಟ್ಟಿದ ಕರ್ಚೀಫು. ಸೋಪು ಹಾಕಿ ತಿಕ್ಕಿದ ಆ ಕೆಂಪು ಚರ್ಮವೇ ಕಣ್ಣ ಮುಂದೆ ಬರುತ್ತಿತ್ತು. ಒಳಗೆ ಸರ್ಜನ್‌ರ ಕೈ ಏನು ತೆಗೆದುಕೊಂಡು ಬರುತ್ತದೋ ಅಂತ ನನಗೆ ಭಯವಾಗಿತ್ತು, ಆ ಭಯಕ್ಕೆಲ್ಲ ಕಾರಣ ಆ ತುದಿಯಲ್ಲಿ ಕೂತಿರುವ ಹೆಂಗಸು ಅಂತ ಸಿಟ್ಟೂ ಇತ್ತು.

ಡಾಕ್ಟರ್ ಆಚೆ ಬಂದು ನನ್ನನ್ನು ಪಕ್ಕಕ್ಕೆ ಕರೆದರು. ತಿರುಚಿಕೊಂಡು ನೀಲಿಗಟ್ಟಿತ್ತಂತೆ. ಬಿಡಿಸಿ, ಬಿಸಿ ಬಟ್ಟೆ ಸುತ್ತಿ ಕಾದಿದ್ದಾರೆ. ಸರ್ಜನ್ ತೆಗೆದುಬಿಡೋಣವೇ ಅಂತ ಕೇಳುವಷ್ಟರಲ್ಲಿ ಒಂದು ಮೂಲೆಯಿಂದ ಬಣ್ಣ ತಿರುಗಿದೆ. ಗುಳ್ಳೆಯನ್ನಷ್ಟೇ ತೆಗೆದು ಉಳಿದದ್ದನ್ನು ಉಳಿಸಿದ್ದಾರೆ. ಒತ್ತಿದ್ದರಿಂದಲೇ ಹೀಗಾಯಿತಾ ಅಂತ ಕೇಳಿದೆ. ಆಗಿರಬಹುದು, ತಾನಾಗಿಯೂ ಆಗಬಹುದಿತ್ತು, ಹೇಳುವುದಕ್ಕಾಗುವುದಿಲ್ಲ ಅಂದರು. ಸಾಯಂಕಾಲ ಬಂದಿದ್ದರೆ ಮಾತ್ರ ಏನೂ ಉಳಿಯುತ್ತಿರಲಿಲ್ಲ ಅಂತ ಹೇಳಿ ಒಳಗೆ ಹೋದರು.

ನಾನು ಬೆಂಚಿಗೆ ವಾಪಸ್ ಬಂದೆ. ಅತ್ತೆ ತಲೆ ಎತ್ತಲಿಲ್ಲ. ತಮ್ಮ ಅಂಗೈಗಳನ್ನೇ ನೋಡುತ್ತಾ ಕೇಳಿದರು.

‘ಆ ಒಂದು ಉಳ್ಕೊಂತಾ?’

ಉಳಿಯಿತು ಅಂದೆ. ಅಂದ ಮೇಲೆ ನಾನು ಅವರನ್ನು ತಿರುಗಿ ನೋಡಿದೆ. ಒಂದು ಅಂತ ಅವರಿಗೆ ಹೇಳಿದ್ದು ಯಾರು? ನಾನು ಹೇಳಿಲ್ಲ, ಡಾಕ್ಟರ್ ಹೇಳುವವರಲ್ಲ.

‘ನನ್ ಮಗಂಗೂ ಅಪೆಂಡಿಕ್ಸ್ ಕೊಯ್ದವ್ರೆ ಮೇಡಮ್ನೋರೆ. ಇಲ್ಲಿ, ಓರೆಗೆ, ಇಷ್ಟೇ ಇಷ್ಟು,’ ಅಂತ ತಮ್ಮ ಬಲಗಡೆ ತೋರಿಸಿದರು. ‘ಮದ್ವೆ ಆದ್ ವರ್ಸ ದೀಪಾವಳಿಗೆ ಇವ್ಳಿಗೆ ಎಣ್ಣೆ ನೀರು ಆಕ್ದೆ. ಆವತ್ತೇ ಕಂಡೆ. ಗರ್ಭದ ಪಕ್ಕದ ಎರಡ್ರಾಗೆ ಒಂದ್ನ ತೆಗ್ದವ್ರೆ ಅಂದ್ಕೊಂಡೆ. ಬಾಯ್ ಬುಟ್ಟು ಕೇಳಿದ್ರೆ ಮಗ ನೊಂದ್ಕೊಳ್ತದೆ ಅಂತ ಸುಮ್ಕಿದ್ದೆ. ಈಗ ಉಳ್ದಿರಾದ್ರಾಗೂ ಗುಳ್ಳೆ ಅಂದ್ರಲ್ಲ, ಕಿತ್ತಾಕ್ಬುಡ್ತಾರೆ ಅಂತ ಜೀವ ಓಯ್ತು. ಅದ್ಕೇ ನಾನೇ ಒಡ್ದ್ಬುಡಾವ ಅಂತ ಒತ್ತಿದ್ದು. ಈ ಕೈನಾಗೇ ಒತ್ತಿದ್ದು.’

‘ಮಗ ನೊಂದ್ಕೊಳ್ತದೆ’ ಅಂತ ಅವರು ಅಂದದ್ದು ಸೊಸೆಯ ಬಗ್ಗೆ. ಕೋಲಾರದ ಕಡೆ ಹೆಣ್ಣುಮಕ್ಕಳನ್ನೂ ಹಾಗೆ ಕರೆಯುತ್ತಾರೆ. ಗಂಡನ ಮೇಲೆ ಅನುಮಾನಪಟ್ಟಿದ್ದೆ, ಆಮೇಲೆ ಇವರ ಹಟದ ಮೇಲೆ. ಇವರ ಭಯ ನನ್ನ ಲೆಕ್ಕಕ್ಕೇ ಬಂದಿರಲಿಲ್ಲ. ನನಗೆ ಅಳು ಬಂತು, ಯಾರ ಮೇಲೆ ಅಂತ ಗೊತ್ತಾಗದ ಸಿಟ್ಟೂ ಬಂತು. ಕಿತ್ತುಕೊಂಡಿದ್ದ ನೀರಿನ ಬಾಟಲಿ ನನ್ನ ಚೀಲದಲ್ಲೇ ಇತ್ತು. ಮುಚ್ಚಳ ತೆಗೆದು ಕೊಟ್ಟೆ. ಆಯಮ್ಮ ಬೆಳಗಿನಿಂದ ಏನೂ ಕುಡಿದಿರಲಿಲ್ಲ. ಕುಡಿದು, ಸೆರಗಲ್ಲಿ ಬಾಯಿ ಒರೆಸಿಕೊಂಡು, ‘ನಂಗ್ ಗೊತ್ತೈತೆ ಅಂತ ಅವ್ಳಿಗೆ ಏಳ್ಬ್ಯಾಡಿ’ ಅಂದರು.

ಹೊಲಿಗೆ ಬಿಚ್ಚಿ, ಗಾಯ ಮಾಗಿದ ಮೇಲೆ ಡಾಕ್ಟರೇ ಅವಳನ್ನು ಮತ್ತೆ ನನ್ನ ಹತ್ತಿರ ಕಳಿಸಿದರು, ನಿದ್ದೆ ಬರುತ್ತಿಲ್ಲವೆಂದು. ಅತ್ತೆ ಜಗಲಿಯ ಮೇಲೆ ತಮಿಳಜ್ಜಿಯ ಜೊತೆ ಕೂತು, ಒಬ್ಬರು ಕನ್ನಡದಲ್ಲಿ ಇನ್ನೊಬ್ಬರು ತಮಿಳಿನಲ್ಲಿ ಹಸುವಿನ ವಿಷಯ ಮಾತಾಡುತ್ತಿದ್ದರು. ನಾನು ಹೊಟ್ಟೆಯ ಕಡೆ ಹೋಗದೆ ಕಾಲಿಗೆ, ಕೈಗೆ ಮಾತ್ರ ಸೂಜಿ ಹಾಕಿದೆ. ಹಾಕುವ ಮುಂಚೆ ಒರೆಸಿದ ಹತ್ತಿಯನ್ನು ಮೂಸಿದೆ. ಅಭ್ಯಾಸ. ಸ್ಪಿರಿಟ್ ಬಿಟ್ಟು ಬೇರೇನೂ ಇರಲಿಲ್ಲ. ಹುಡುಗಿ ನಕ್ಕಳು. ಆಮೇಲೆ ದನಿ ತಗ್ಗಿಸಿ ಕೇಳಿದಳು.

‘ಅಕ್ಕಾ, ಅವತ್ತು ಆಸ್ಪತ್ರೇಲಿ ಅತ್ತೆಗೆ ಏನೂ ಗೊತ್ತಾಗ್ಲಿಲ್ಲ ತಾನೆ?’

ಜಗಲಿಯ ಮೇಲಿನ ಮಾತು ನಿಂತಿತ್ತು. ಗೊತ್ತಾಗಲಿಲ್ಲ ಅಂದೆ. ಅವಳು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ ಕಣ್ಣು ಮುಚ್ಚಿಕೊಂಡಳು. ನನ್ನ ಮಾತು ನಂಬಿದಳೋ ಇಲ್ಲವೋ, ನನಗೆ ಇವತ್ತಿಗೂ ಅನುಮಾನ.